ಹೊಸ ಕಂಪ್ಯೂಟರಿಗೆ ಒಗ್ಗದ ಗುಂಡಿನಾಟ

ನಮ್ಮ ಮಾವನವರೂ ಅವರ ಅಣ್ಣನೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಆದರೂ ಕೊಬ್ಬರಿ ಹರಾಜಿನ ದಿನ ಬಂತೆಂದರೆ ಇಬ್ಬರೂ ಅರಸೀಕೆರೆಯ ನಮ್ಮ ಮಂಡಿಯಲ್ಲಿ ಒಂದೇ ಬೆಂಚಿನ ಮೇಲೆ ಕೂತು, ಕಂಪ್ಯೂಟರಿನೊಳಗೆ ಒಬ್ಬರ ಮೇಲೊಬ್ಬರು ಗುಂಡು ಹಾರಿಸುತ್ತಿದ್ದರು. ಬೇಲೂರಿನ ನನ್ನ ತವರಿನಲ್ಲಿ ಇದನ್ನು ಹೇಳಿದರೆ, ನಾನು ಕತೆ ಕಟ್ಟುತ್ತಿದ್ದೇನೆ ಅನ್ನುತ್ತಿದ್ದರು. ಕಟ್ಟುವುದಕ್ಕೆ ನನಗೇನು ಬೇರೆ ಕೆಲಸ ಇರಲಿಲ್ಲವೇ?

ಜಗಳ ಒಂದು ಹಲಸಿನ ಮರದ್ದು. ಜಾವಗಲ್ಲಿನ ತೋಟ ಭಾಗವಾದಾಗ ಬದುವಿನ ಮೇಲಿದ್ದ ಆ ಮರ ಯಾರ ಪಾಲಿಗೂ ಸೇರದೆ ಉಳಿದಿತ್ತು. ದೊಡ್ಡಮಾವ, ಅಂದರೆ ಮಾವನವರ ಅಣ್ಣ, ತಮ್ಮ ಮನೆಯ ಬಾಗಿಲಿಗೆಂದು ಒಂದು ದಿನ ಅದನ್ನು ಕಡಿಸಿಬಿಟ್ಟರು. "ಕೇಳಿದ್ರೆ ನಾನೇನು ಬ್ಯಾಡ ಅಂತಿದ್ನಾ? ಕೇಳ್ಲಿಲ್ವಲ್ಲ!" ಎನ್ನುವುದು ನಮ್ಮ ಮಾವನ ಸಂಕಟ. ಅಲ್ಲಿಗೆ ಮಾತು ನಿಂತಿತು. ಮಾತು ನಿಂತರೂ ದೊಡ್ಡಮಾವನ ಕೊಬ್ಬರಿ ಬರುವುದು ನಮ್ಮ ಮಂಡಿಗೇ. ತಮ್ಮನ ಮಂಡಿ ಇರುವಾಗ ಇನ್ನೊಬ್ಬರ ಬಾಗಿಲು ತಟ್ಟಿದರೆ ಜನ ಏನಂದಾರು! ಹರಾಜು ಮುಗಿದ ಮೇಲೆ ಜಾವಗಲ್ ಬಸ್ಸು ಬರುವ ತನಕ ಬೆಂಚಿನ ಈ ತುದಿಯಲ್ಲಿ ಇವರು, ಆ ತುದಿಯಲ್ಲಿ ಅವರು, ಮಧ್ಯೆ ಕಾಫಿ ಲೋಟ ಹಿಡಿದು ನಿಂತ ನಾನು. ಇಬ್ಬರ ಬಾಯಿಗೂ ಬೀಗ.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಮಂಡಿಯ ಲೆಕ್ಕಕ್ಕೆಂದು ಒಂದು ಕಂಪ್ಯೂಟರ್ ಬಂತು. ಮದುವೆಗೆ ಮುಂಚೆ ಹಾಸನದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿಕೊಂಡಿದ್ದೆನಾದ್ದರಿಂದ ಅದರ ಮುಂದೆ ಕೂರುವ ಅಧಿಕಾರ ನನ್ನದು. ಮಾವ ಆ ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿ ದೇವರ ಪಟಗಳ ಪಕ್ಕದಲ್ಲೇ ನೇತುಹಾಕಿದ್ದರು. ಮಾರಿದವರು ಕಂಪ್ಯೂಟರಿನೊಳಗೆ ಒಂದು ಆಟ ಹಾಕಿಕೊಟ್ಟಿದ್ದರು. ಕಪ್ಪು ಪರದೆ, ಎಡಕ್ಕೊಂದು ಗುಡ್ಡ, ಬಲಕ್ಕೊಂದು ಗುಡ್ಡ, ಎರಡರ ಮೇಲೂ ಒಂದೊಂದು ಫಿರಂಗಿ. ಎಷ್ಟು ಡಿಗ್ರಿ ಎತ್ತಬೇಕು, ಎಷ್ಟು ಜೋರಾಗಿ ಹಾರಿಸಬೇಕು ಎಂದು ಅಂಕಿ ಒತ್ತಿದರೆ ಗುಂಡು ಮೇಲೆದ್ದು, ಬಾಗಿ, ಎದುರು ಗುಡ್ಡದ ಕಡೆ ಬೀಳುತ್ತಿತ್ತು. ಗಾಳಿ ಯಾವ ಕಡೆಗಿದೆ ಎಂದು ಮೇಲೊಂದು ಬಾಣದ ಗುರುತು ತೋರಿಸುತ್ತಿತ್ತು.

ಒಂದು ಹರಾಜಿನ ದಿನ ಇವರಿಬ್ಬರ ಮೌನ ತಡೆಯಲಾರದೆ ನಾನೇ ಆಟ ಹಾಕಿಕೊಂಡು ಕೂತೆ. ದೊಡ್ಡಮಾವ ಬಗ್ಗಿ ನೋಡಿದರು.

"ಅದ್ಯಾಕವ್ವ ಅಷ್ಟು ಮ್ಯಾಕೆ ಎತ್ತೀಯ? ಗಾಳಿ ಐತಲ್ಲ, ತಗ್ಗಿಸು."

ತಗ್ಗಿಸಿದೆ. ಗುಂಡು ಹೋಗಿ ಎದುರಿನ ಫಿರಂಗಿಗೇ ಬಿತ್ತು. ಬೆಂಚಿನ ಆ ತುದಿಯಿಂದ ಮಾವ ಎದ್ದು ಬಂದರು. "ಆ ಬಲಗಡೆ ಗುಡ್ಡ ನಂಗೆ ಕೊಡವ್ವ" ಅಂದರು.

ಅಲ್ಲಿಂದ ಶುರುವಾಯಿತು ನೋಡಿ. ಇಬ್ಬರಿಗೂ ಕೀಲಿಮಣೆ ಒತ್ತಲು ಬಾರದು. ಅವರು ಅಂಕಿ ಹೇಳುವುದು, ನಾನು ಒತ್ತುವುದು. "ನಲವತ್ತೈದು." "ಐವತ್ತು." ಅಂಕಿ ಬಿಟ್ಟು ಇನ್ನೊಂದು ಮಾತಿಲ್ಲ. ಗುಂಡು ಬಿದ್ದವರು ಹೆಗಲ ಟವಲು ಕೊಡವಿ ಮತ್ತೆ ಹಾಕಿಕೊಳ್ಳುತ್ತಿದ್ದರು, ಅಷ್ಟೆ. ಆದರೆ ಹರಾಜಿನ ದಿನ ಬೆಳಗಾದರೆ ಮಾವ ಹೊಸ ಪಂಚೆ ಉಡುತ್ತಿದ್ದರು. "ಇವತ್ತು ಕಾಫಿಗೆ ಹಾಲು ಜಾಸ್ತಿ ತರಿಸು, ಯಾರಾದ್ರೂ ಬಂದ್ರೆ ಇರಲಿ" ಅನ್ನುತ್ತಿದ್ದರು. ಆ ಯಾರಾದ್ರೂ ಯಾರು ಅಂತ ನನಗೆ ಗೊತ್ತಿಲ್ಲವೇ?

ಹೀಗೆ ನಾಲ್ಕಾರು ವರ್ಷ ನಡೆಯಿತು. ಆಮೇಲೆ ಲೆಕ್ಕದ ಹೊಸ ಪ್ರೋಗ್ರಾಂ ಹಳೇ ಕಂಪ್ಯೂಟರಿನಲ್ಲಿ ಓಡುವುದಿಲ್ಲ ಎಂದು ನನ್ನ ಗಂಡ ಹೊಸದೊಂದನ್ನು ತಂದರು. ಪರದೆ ತುಂಬ ಹಸಿರು ದಿಬ್ಬ, ನೀಲಿ ಆಕಾಶ, ನೋಡಲು ಬಲು ಚೆಂದ. ಹಳೆಯದು ಹಳೇಬೀಡಿನ ನಾದಿನಿಯ ಜೆರಾಕ್ಸ್ ಅಂಗಡಿಗೆ ಹೋಯಿತು. ನಾನು ಪೆದ್ದಿಯಲ್ಲ, ಕಳಿಸುವ ಮೊದಲು ಆಟವನ್ನು ಒಂದು ಫ್ಲಾಪಿಗೆ ಹಾಕಿ ಮೇಜಿನ ಮೇಲೆ ಇಟ್ಟುಕೊಂಡಿದ್ದೆ.

ಮಾರನೆಯ ದಿನ ಆಯುಧಪೂಜೆ. ತಕ್ಕಡಿ, ತೂಕದ ಬಟ್ಟು, ಚೀಲ ಹೊಲಿಯುವ ದಬ್ಬಳ, ಎಲ್ಲಕ್ಕೂ ಮಾವ ಒದ್ದೆ ವಿಭೂತಿಯಲ್ಲಿ ಮೂರು ಬೆರಳು ಎಳೆದುಕೊಂಡು ಬಂದರು. ಹೊಸ ಕಂಪ್ಯೂಟರಿಗೆ ನಾನು ಅಡ್ಡ ನಿಂತು, ಅಂಚಿಗಷ್ಟೇ ಹಚ್ಚಲು ಬಿಟ್ಟೆ. ಹೂ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಫ್ಲಾಪಿ ಅವರ ಕೈಯಲ್ಲಿತ್ತು. ತುದಿಯ ತಗಡಿನ ಮುಚ್ಚಳ ಸರಿಸಿ, ಒಳಗಿನ ಕರಿ ಬಿಲ್ಲೆಯನ್ನು ಸುತ್ತಲೂ ತಿರುಗಿಸುತ್ತ, ನೀಟಾಗಿ ವಿಭೂತಿ ಹಚ್ಚುತ್ತಿದ್ದರು.

"ಅಯ್ಯೋ ಮಾವ! ಒಳಗೆ ಯಾಕೆ ಹಚ್ಚಿದ್ರಿ?"

"ಒಳಗಿರೋದಲ್ವೇನವ್ವ ಆಟ? ಮ್ಯಾಲಿಂದು ಅಂಗಿ ಇದ್ದಂಗೆ. ಅಂಗಿ ಮ್ಯಾಲೆ ಯಾರಾನ ಈಬೂತಿ ಇಕ್ತಾರಾ?"

ಹತ್ತಿಯಲ್ಲಿ ಒರೆಸಿದೆ, ಫೂ ಫೂ ಎಂದು ಊದಿದೆ. ಹೊಸ ಕಂಪ್ಯೂಟರಿಗೆ ತುರುಕಿದರೆ ಬೀಸುವ ಕಲ್ಲಿನ ಸದ್ದು ಬಂತು. ಆಟ ಶಿವನ ಪಾದ ಸೇರಿತ್ತು.

ಮುಂದಿನ ಹರಾಜಿನ ದಿನ ದೊಡ್ಡಮಾವ ಬಂದು ಕೂತರು. ಪರದೆಯಲ್ಲಿ ಹಸಿರು ದಿಬ್ಬ. "ಒಂದೇ ಗುಡ್ಡ ಐತಲ್ಲವ್ವ?" ಅಂದರು. ಆಟ ಇಲ್ಲ ಎಂದೆ. ಕಾಫಿ ಅರ್ಧಕ್ಕೇ ಬಿಟ್ಟು, ಟವಲು ಹೆಗಲಿಗೆ ಹಾಕಿ ಎದ್ದು ಹೋದರು. ಅದರ ಮುಂದಿನ ಸಲ ಒಳಗೆ ಬರಲೇ ಇಲ್ಲ. ಕೊಬ್ಬರಿ ಇಳಿಸಿ, ರಸ್ತೆಯಾಚೆ ಬಸ್ಸಿನ ಕಂಬದ ಹತ್ತಿರ ಬಿಸಿಲಿನಲ್ಲಿ ನಿಂತರು. ಮಾವ ಒಂದು ಕೊಬ್ಬರಿ ಬಟ್ಟಲು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುವ ನೆಪದಲ್ಲಿ ಬಾಗಿಲಲ್ಲೇ ನಿಂತಿದ್ದರು. ಬಸ್ಸು ಬಂದು ಹೋಗುವ ತನಕವೂ ಅದೇ ಬಟ್ಟಲು. ಆ ದಿನ ಮಧ್ಯಾಹ್ನ ಅವರು ಅರ್ಧ ಮುದ್ದೆಯನ್ನೂ ತಿನ್ನಲಿಲ್ಲ. ಆಟ ಹೋದರೆ ಹೋಗಲಿ, ಇವರಣ್ಣ ಹೀಗೆಯೇ ಕೈತಪ್ಪಿ ಹೋಗುತ್ತಾರಲ್ಲ ಅನ್ನಿಸಿತು.

"ಆ ಆಟ ಇದರಾಗೆ ಬರೋದೇ ಇಲ್ವೇನವ್ವ?" ಎಂದು ಮಾವ ಕೇಳಿದರು, ಗೋಡೆ ನೋಡಿಕೊಂಡು.

"ಬರುತ್ತೆ ಮಾವ. ಬರದೆ ಎಲ್ಲಿಗೆ ಹೋಗುತ್ತೆ, ನಾನು ನೋಡ್ತೀನಿ" ಅಂದೆ. ಬಾಯಿ ದೊಡ್ಡದು ನನ್ನದು.

ಹಳೇಬೀಡಿಗೆ ಬಸ್ಸು ಹತ್ತಿದೆ. ನಾದಿನಿ ಹಳೇ ಕಂಪ್ಯೂಟರಿನ ಮೇಲೆ ಕಾಗದದ ಕಟ್ಟು ಪೇರಿಸಿಟ್ಟಿದ್ದಳು. "ಆ ಆಟ ಅಳಿಸಿಬಿಟ್ಟೆಯೇನೇ?" ಎಂದು ಎದೆ ಹಿಡಿದುಕೊಂಡು ಕೇಳಿದೆ. "ಅಳ್ಸೋದು ಹೆಂಗೆ ಅಂತ ನಂಗೆಲ್ಲಿ ಗೊತ್ತು ಅತ್ತಿಗೆ?" ಅಂದಳು. ಪುಣ್ಯಾತ್ಗಿತ್ತಿ! ಆಟವನ್ನು ಹೊಸ ಫ್ಲಾಪಿಗೆ ಇಳಿಸಿ, ಟಿಫನ್ ಡಬ್ಬಿಯಲ್ಲಿಟ್ಟು, ಊರಿಗೆ ಬಂದ ಮೇಲೂ ಮಾವನವರ ಭಕ್ತಿಗೆ ಸಿಗದ ಹಾಗೆ ಬಚ್ಚಿಟ್ಟೆ.

ಹರಾಜಿನ ದಿನ ನಾನೇ ರಸ್ತೆ ದಾಟಿ ಬಸ್ಸಿನ ಕಂಬದ ಹತ್ತಿರ ಹೋದೆ. "ದೊಡ್ಡಮಾವ, ಆಟ ಬಂದಿದೆ, ಬನ್ನಿ." ಅವರು ಬಸ್ಸಿನ ಹಾದಿ ನೋಡಿದರು, ಮಂಡಿ ನೋಡಿದರು. "ಬಸ್ ಬರಾಗಂಟ ಒಸಿ ನೋಡಾನ" ಎಂದು ಬಂದರು.

ಆಟದ ಮೇಲೆ ಒತ್ತಿದೆ. ಕಪ್ಪು ಕಿಟಕಿ ಒಂದು ಫಕ್ಕನೆ ತೆರೆದು ಫಕ್ಕನೆ ಮುಚ್ಚಿಕೊಂಡಿತು. ಮತ್ತೆ ಒತ್ತಿದೆ, ಮತ್ತೆ ಅದೇ. ಹಳೆಯ ಕಾಲದ ಆಟವಲ್ಲವೇ, ಹೊಸ ಮನೆಯ ಹೊಸ್ತಿಲು ತುಳಿಯಲು ಅದಕ್ಕೆ ಮುಜುಗರ. ನನ್ನ ಮುಖ ಕೆಂಪಾಯಿತು. ಏನಾದರೂ ಮಾಡಿದ ಹಾಗೆ ಕಾಣಲಿ ಎಂದು ಮೇಜಿನ ಕೆಳಗೆ ನುಸುಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ವೈರುಗಳನ್ನು ಕಿತ್ತು ಹಾಕತೊಡಗಿದೆ. ಮೇಲಿಂದ ದೊಡ್ಡಮಾವನ ದನಿ ಬಂತು.

"ಏನ್ಲಾ, ಈವಮ್ಮ ದಿಟವಾಗ್ಲೂ ಪಾಸಾಗವ್ಳಾ?"

"ಸರ್ಟಿಫಿಕೇಟ್ ಐತಲ್ಲಣ್ಣ, ಅಗಾ, ಗ್ವಾಡೆ ಮ್ಯಾಲೆ."

"ಅದ್ರಾಗೆ ಮಾರ್ಕ್ಸು ಎಲ್ಲಿ ಬರದವ್ರೆ?"

"ಬರದಿಲ್ಲ ಕಣಣ್ಣ. ನಂಗೂ ಆಗ್ಲೇ ಅನುಮಾನ ಬಂದಿತ್ತು."

ವೈರು ನನ್ನ ಕೈಯಲ್ಲೇ ಉಳಿಯಿತು. ಏನ್ಲಾ ಅಂದರು ಅವರು, ಅಣ್ಣ ಅಂದರು ಇವರು! ಹಬ್ಬ ಹರಿದಿನ, ನೆಂಟರಿಷ್ಟರು, ಮಠದ ಹಿರಿಯರು ಯಾರಿಂದಲೂ ಬಿಡದ ಬಾಯಿ, ನನ್ನನ್ನು ಬೈಯುವುದಕ್ಕೆ ಬಿಟ್ಟಿತ್ತು. ಸಿಟ್ಟು ಬಂದದ್ದೂ ನಿಜ, ಕಣ್ಣಲ್ಲಿ ನೀರು ಬಂದದ್ದೂ ನಿಜ. ತಲೆ ಎತ್ತಿದರೆ ಎಲ್ಲಿ ಸುಮ್ಮನಾಗುತ್ತಾರೋ ಎಂದು ಧೂಳಿನಲ್ಲೇ ಕೂತಿದ್ದೆ. ಬಸ್ಸು ಹಾರನ್ ಹೊಡೆದ ಮೇಲೆಯೇ ಹೊರಗೆ ಬಂದದ್ದು.

ಆಮೇಲೆ ಪ್ರತಿ ಹರಾಜಿನ ದಿನವೂ ದೊಡ್ಡಮಾವ ತಾವಾಗಿ ಬಂದರು, ಆಟ ಎಲ್ಲಿಗೆ ಬಂತು ನೋಡಲು. ನಾನೂ ಕೈ ಕಟ್ಟಿ ಕೂತಿರಲಿಲ್ಲ. ಹಳೆಯ ಆಟಗಳ ಜೊತೆ ಹಳೆಯದರ ಹಾಗೆಯೇ ನಡೆದುಕೋ ಎಂದು ಹೊಸ ಕಂಪ್ಯೂಟರಿಗೆ ಹೇಳುವ ಒಂದು ಗುರುತು ಇದೆ. ಹುಡುಕಿ ಅದನ್ನು ಹಾಕಿದೆ. ಗುಡ್ಡಗಳು ಬಂದವು. ಮೂವರೂ ಹೋ ಎಂದೆವು. ದೊಡ್ಡಮಾವ ನಲವತ್ತೈದು ಅಂದರು, ನಾನು ಒತ್ತಿದೆ. ಗುಂಡು ಕಾಣಿಸಲೇ ಇಲ್ಲ. ಕಣ್ಣು ಮಿಟುಕಿಸುವುದರೊಳಗೆ ಹೊರಟು, ಹಾರಿ, ಬಿದ್ದು ಎಲ್ಲ ಮುಗಿದಿತ್ತು. ಹೊಸ ಕಂಪ್ಯೂಟರಿನ ಓಟಕ್ಕೆ ಆಟಕ್ಕೂ ಹುಚ್ಚು ಹಿಡಿದಿತ್ತು.

"ಎಲ್ಲೋಯ್ತಲಾ ನನ್ ಗುಂಡು?"

"ಬಾಣಾವರ ದಾಟಿ ಹೋಯ್ತು ಕಣಣ್ಣ. ಟಿಕೀಟ್ ತಗಂಡಿತ್ತೋ ಇಲ್ವೋ."

ಇಬ್ಬರೂ ತೊಡೆ ತಟ್ಟಿಕೊಂಡು ನಕ್ಕರು. ನಾನು ಕಂಪ್ಯೂಟರ್ ಪುಸ್ತಕ ತೆರೆದು ಗಂಭೀರವಾಗಿ ಓದುತ್ತಿದ್ದರೆ, ಅವರ ಮಾತು ನನ್ನ ದಡ್ಡತನದಿಂದ ಹೊರಟು ಮಂಡಿನೋವಿಗೆ, ಅಲ್ಲಿಂದ ತೆಂಗಿಗೆ ಬಿದ್ದ ನುಸಿಗೆ ಹೋಯಿತು. ಒಂದು ದಿನ ಮಾವ, ಕಾಫಿ ಲೋಟದೊಳಗೆ ನೋಡುತ್ತ, "ಆ ಬಾಗ್ಲು ಹೆಂಗವೆ?" ಎಂದು ಕೇಳಿದರು. ಹಲಸಿನ ಮರದ ಬಾಗಿಲಿನ ಮಾತು! ದೊಡ್ಡಮಾವ, "ಗಟ್ಟಿ ಅವೆ. ನೀನು ಬಂದು ನೋಡ್ಲೇ ಇಲ್ವಲ್ಲ" ಅಂದರು. "ಕರೀಲಿಲ್ಲ ನೀನು." "ಕರೀಬೇಕಿತ್ತು." ಅಷ್ಟೇ ಮಾತು. ಇಬ್ಬರೂ ಮತ್ತೆ ನನ್ನ ಡಿಪ್ಲೊಮಾದ ವಿಷಯಕ್ಕೆ ಬಂದರು.

ಕೊನೆಗೆ ಬ್ರೌಸಿಂಗ್ ಸೆಂಟರಿನಲ್ಲಿ ಹುಡುಕಿ ಹುಡುಕಿ ಒಂದು ಪ್ರೋಗ್ರಾಂ ತಂದೆ. ಅದು ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೆ ಒಂದು ಹಳೇ ಕಂಪ್ಯೂಟರಿನ ವೇಷ ಹಾಕಿಕೊಂಡು ಕೂರುತ್ತದೆ. ಆಟ ಪಾಪ, ತವರಿಗೇ ಬಂದೆ ಅಂದುಕೊಂಡು ಓಡುತ್ತದೆ. ಓಟ ಎಷ್ಟಿರಬೇಕೆಂದು ಹೆಚ್ಚು ಕಡಿಮೆ ಮಾಡಲೂ ಬರುತ್ತದೆ. ಹರಾಜಿನ ಹಿಂದಿನ ದಿನ ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡೆ, ಹಳೆಯ ವೇಗ ನೆನಪಿದ್ದದ್ದು ಅವರಿಗೇ.

"ಇನ್ನೂ ಒಸಿ ನಿಧಾನ ಕಣವ್ವ. ಗುಂಡು ಹೊಂಟ್ರೆ, ನಾನು ಎಲೆಗೆ ಸುಣ್ಣ ಸವರಿ ಬಾಯಿಗೆ ಹಾಕ್ಕಳಗಂಟ ಮ್ಯಾಲಿರ್ತಿತ್ತು."

ಅವರು ಎಲೆಗೆ ಸುಣ್ಣ ಸವರುವುದು, ನಾನು ಗುಂಡು ಹಾರಿಸುವುದು. ತಗ್ಗಿಸಿದೆ, ಏರಿಸಿದೆ, ಮತ್ತೆ ತಗ್ಗಿಸಿದೆ. ಎಲೆ ಬಾಯಿಗೆ ಹೋದ ಗಳಿಗೆಗೆ ಸರಿಯಾಗಿ ಗುಂಡು ಗುಡ್ಡಕ್ಕೆ ಬಿತ್ತು! ನಾನು ಕುರ್ಚಿಯಿಂದ ಎದ್ದು ಕುಣಿಯುವುದೊಂದು ಬಾಕಿ. "ನಾಳೆ ಬರಲಿ ದೊಡ್ಡಮಾವ. ಮಾರ್ಕ್ಸು ಕೇಳ್ತಾರಂತೆ ಮಾರ್ಕ್ಸು!" ಅಂದೆ.

ಮಾವ ನಗಲಿಲ್ಲ. ಎಲೆ ಅಗಿಯುತ್ತ ಗುಡ್ಡಗಳನ್ನೇ ನೋಡಿದರು.

"ಮಗಾ, ಅಣ್ಣ ಬಂದ್ರೆ ಆಗಿಲ್ಲ ಅಂತ ಹೇಳು."

"ಏನ್ ಮಾವ! ನನ್ನ ಮರ್ಯಾದೆ ಏನಾಗಬೇಕು? ಇಷ್ಟು ದಿನ ಬೈಸಿಕೊಂಡಿದ್ದೀನಿ!"

"ಆಟ ಶುರುವಾದ್ರೆ ಅವನು ಬರೀ ಅಂಕಿ ಹೇಳ್ತಾನೆ ಕಣವ್ವ" ಅಂದರು. "ಮಾತಾಡಲ್ಲ."

ಆಟ ಮುಚ್ಚಿದೆ.

ಮರುದಿನ ದೊಡ್ಡಮಾವ ಬಂದು ಕೂರುತ್ತಲೇ, "ಏನವ್ವ, ಆಯ್ತಾ?" ಎಂದರು. ಗೆದ್ದು ಕೂತವಳು ಸೋತ ಮುಖ ಮಾಡುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. "ಇಲ್ಲ ದೊಡ್ಡಮಾವ, ಇನ್ನೂ ಆಗಿಲ್ಲ" ಅಂದೆ. "ಆಗಲ್ಲ ಬಿಡ್ಲಾ, ಇವಳ ಕೈಲಿ ಆಗಲ್ಲ" ಎಂದು ಅವರು ಶುರು ಮಾಡಿದರು. "ನಾನೂ ಅದ್ನೇ ಅಂದೆ ಕಣಣ್ಣ" ಎಂದು ನಮ್ಮ ಮಾವ ದನಿಗೂಡಿಸಿದರು, ಬೇಕಾದ್ದಕ್ಕಿಂತ ಹೆಚ್ಚೇ ಹುರುಪಿನಲ್ಲಿ. ಹಲ್ಲು ಕಚ್ಚಿಕೊಂಡೆ.

ಬಸ್ಸು ಬಂತು. ದೊಡ್ಡಮಾವನ ಚೀಲ ಹಿಡಿದು ನಾನೂ ರಸ್ತೆ ದಾಟಿದೆ. ಮೆಟ್ಟಿಲಿಗೆ ಕಾಲಿಟ್ಟವರು ನಿಂತರು. ತಿರುಗಿ ಮಂಡಿಯ ಬಾಗಿಲ ಕಡೆ ನೋಡಿದರು, ತಮ್ಮನಿಗೆ ಕೇಳಿಸುವುದಿಲ್ಲ ಎಂದು ಖಾತ್ರಿಯಾದ ಮೇಲೆ ನನ್ನ ಕಡೆ ಬಗ್ಗಿದರು.

"ಅವಸರ ಏನಿಲ್ಲ ಕಣವ್ವ" ಅಂದರು. "ನಿಧಾನಕ್ಕೇ ಮಾಡು."