ದೋಹಾದಿಂದ ದಟ್ಟಗಳ್ಳಿಗೆ ಎಷ್ಟು ಹೊತ್ತು?

ನಾನು ಇದುವರೆಗೆ ವಿಮಾನ ಹತ್ತಿದವನಲ್ಲ. ಆದರೂ ಯಾವ ನಿಲ್ದಾಣದಿಂದ ಯಾವ ನಿಲ್ದಾಣಕ್ಕೆ ಎಷ್ಟು ಕಿಲೋಮೀಟರು, ಎಷ್ಟು ಗಂಟೆ ಎಂದು ಮೊಬೈಲಿನಲ್ಲಿ ನೋಡಿ, ಮೈಸೂರಿನ ಕುಂಬಾರಕೊಪ್ಪಲಿನ ನಮ್ಮ ಬೀದಿಯಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳುವುದು ನನ್ನ ಚಟ. ಈ ಪಾಂಡಿತ್ಯ ಮಗಳ ಮದುವೆಯ ದಿನ ನನ್ನ ಕುತ್ತಿಗೆಗೇ ಬಂತು.

ಹೆಂಡತಿಯ ತಮ್ಮ ಮಹದೇವ ದೋಹಾದಲ್ಲಿ ಎಲೆಕ್ಟ್ರಿಷಿಯನ್. ನಮ್ಮಲ್ಲಿ ಮದುಮಗಳನ್ನು ಕೈಹಿಡಿದು ಧಾರೆ ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಮದುವೆ ಶುಕ್ರವಾರ; ಅವನು ಗುರುವಾರ ಮಧ್ಯಾಹ್ನ ಎರಡರ ವಿಮಾನ ನೋಡಿಟ್ಟಿದ್ದ. ನಾನು ಗೋಡೆಯ ಕ್ಯಾಲೆಂಡರ್ ನೋಡಿ, "ರಾಹುಕಾಲದಲ್ಲಿ ಹೊರಡಬೇಡ ಕಣೋ. ರಾತ್ರಿ ಒಂದಕ್ಕಿರೋದು ಹಿಡಿ. ನಾಲ್ಕು ಗಂಟೆ ಹಾರಾಟ, ಐದಕ್ಕೆಲ್ಲ ಬೆಂಗಳೂರು, ಒಂಬತ್ತೂವರೆಗೆ ಮೈಸೂರು" ಎಂದು ಅಪ್ಪಣೆ ಕೊಟ್ಟೆ.

ಶುಕ್ರವಾರ ಬೆಳಿಗ್ಗೆ ಮೈಸೂರಿನದೇ ಆದ ದಟ್ಟಗಳ್ಳಿಯ ಛತ್ರದಲ್ಲಿ ಐದಾಯಿತು, ಆರಾಯಿತು, ಏಳಾಯಿತು. ಅವನ ಫೋನು ಸ್ವಿಚ್ ಆಫ್. ನಾನು ಮತ್ತೆ ಮತ್ತೆ ನಂಬರು ಒತ್ತಿದೆ. ಏಳೂವರೆ ದಾಟಿದ ಮೇಲೆ ಫೋನು ಬಂತು. "ಈಗ ಇಳಿದೆ ಭಾವ."

"ವಿಮಾನ ಲೇಟಾ?"

"ಇಲ್ಲ ಭಾವ, ಸರಿಯಾದ ಟೈಮಿಗೇ ಬಂದ್ಬುಟ್ಟಿದೆ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ ಅಲ್ವಾ? ನೀವೇ ಹೇಳಿದ್ಮೇಲೆ ಭಾವನ ಮಾತು ತೆಗೆದಾಕೋದು ಎಂಗೆ ಅಂತ ಸುಮ್ಮನಾದೆ."

ನಾನು ಲೆಕ್ಕ ಹಾಕಿದ್ದು ದೋಹಾದ ಗಡಿಯಾರದಲ್ಲಿ; ಅಲ್ಲಿ ಐದೆಂದರೆ ಇಲ್ಲಿ ಏಳೂವರೆ. ಅವತ್ತು ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಅದು ಕಳೆದ ಮೇಲೆ ಮುಹೂರ್ತ, ಹನ್ನೆರಡೂ ಐದರಿಂದ ಒಂದಕ್ಕೆ ಹತ್ತು ನಿಮಿಷ ಇರುವವರೆಗೆ. ವಿಮಾನಕ್ಕೆ ಸಮುದ್ರ ದಾಟಲು ಹಿಡಿದ ನಾಲ್ಕು ಗಂಟೆಯೇ ಕಾರಿಗೆ ಬೆಂಗಳೂರು ದಾಟಿ ಇಲ್ಲಿಗೆ ಬರಲೂ ಬೇಕು. ನಮ್ಮ ಹಿರಿಯರು ದೂರವನ್ನು ಕೂಗಳತೆ, ಹರಿದಾರಿ ಎನ್ನುತ್ತಿದ್ದರು. ಒಂದು ಸಲ ಎಲೆಅಡಿಕೆ ಹಾಕಿ ಮುಗಿಸುವಷ್ಟು ದಾರಿ ಎನ್ನುವವರೂ ಇದ್ದರು. ಆ ಅಳತೆಗಳಿಂದ ಯಾರ ಮದುವೆಯೂ ಕೆಟ್ಟಿರಲಾರದು.

ಹನ್ನೆರಡೂ ಕಾಲಾಯಿತು. ಗಂಡಿನ ಕಡೆಯವರಲ್ಲಿ ಗುಸುಗುಸು. ಪುರೋಹಿತರು, "ಮಾವನ ವರಸೆಯವರು ಬೇರೆ ಯಾರಾದರೂ ಕೈಹಿಡೀಲಿ" ಎಂದರು. ಮದುಮಗಳ ಕೋಣೆಗೆ ಹೋಗಿ ಮಗಳು ಚಂದನಾಳಿಗೆ ಅದನ್ನೇ ಹೇಳಿದೆ.

"ಮಾಮ ಬರೋವರ್ಗೂ ನಾನು ಏಳಲ್ಲ ಅಪ್ಪಾಜಿ."

ನಾನು ವರ್ಗವಾಗಿ ಊರೂರು ಅಲೆಯುತ್ತಿದ್ದ ಕಾಲದಲ್ಲಿ ಅವಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನು ಅವನು. ತಪ್ಪು ನನ್ನದು ಎಂದು ಬಾಯಿಬಿಡಲು ಧೈರ್ಯವಾಗಲಿಲ್ಲ. ಗೇಟಿಗೆ ಹೋದೆ, ಬಂದೆ, ಮತ್ತೆ ಹೋದೆ. ಹನ್ನೆರಡೂ ಮೂವತ್ತೆಂಟಕ್ಕೆ ಕಾರು ಬಂದು ನಿಂತಿತು. ಓಡಿಬಂದ ತಮ್ಮನಿಗೆ ನನ್ನ ಹೆಂಡತಿ ಪ್ಯಾಂಟಿನ ಮೇಲೇ ಪಂಚೆ ಸುತ್ತಿದಳು.

ಅವನು ಕೋಣೆಗೆ ಬಂದು ಚಂದನಾಳತ್ತ ಕೈ ಚಾಚಿದ. ಮಣಿಕಟ್ಟಿನ ಗಡಿಯಾರ ಇನ್ನೂ ದೋಹಾದಲ್ಲೇ ಇತ್ತು: ಹತ್ತು ಗಂಟೆ ಹತ್ತು ನಿಮಿಷ. ಅದನ್ನು ಮೊದಲು ಕಂಡವಳು ನನ್ನ ಹೆಂಡತಿ.

"ನೋಡ್ರೀ, ನಿಮ್ಮ ಲೆಕ್ಕದಲ್ಲಿ ಇನ್ನಿಪ್ಪತ್ತು ನಿಮಿಷಕ್ಕೆ ರಾಹುಕಾಲ. ಅಷ್ಟರೊಳಗೆ ತಾಳಿ ಕಟ್ಟಿಸ್ಬುಡಿ."

ಕೋಣೆಯಿಂದ ಮಂಟಪಕ್ಕೆ ಮೂವತ್ತು ಹೆಜ್ಜೆ ಇರಬಹುದು. ಮಾವ ಸೊಸೆ ಕೈಹಿಡಿದು, ಏನೋ ಮಾತಾಡಿಕೊಂಡು ನಗುತ್ತಾ, ನಿಧಾನವಾಗಿ ನಡೆದುಬಂದರು. ಮುಹೂರ್ತ ಮುಗಿಯಲು ಉಳಿದಿದ್ದುದು ಕೆಲವೇ ನಿಮಿಷ. ಬೇಗ ಬನ್ನಿ ಎಂದು ಯಾರೂ ಕೂಗಲಿಲ್ಲ, ನಾನೂ ಕೂಡ.