ಆರು ತಾಸಿನ ಬುತ್ತಿ

ಆಳಂದದ ನಮ್ಮ ಓಣಿಯ ಸರ್ವರಬೇಗಂ ಚಾಚಿ ದೂರವನ್ನು ಅಳೆಯುವುದು ರೊಟ್ಟಿಯಲ್ಲಿ. ಗಂಡ ಲಾಡ್ಲೆಸಾಬ ಚಾಚಾ ಮೂವತ್ತು ವರ್ಷ ಲಾರಿ ಓಡಿಸಿದವರು. ನಾಲ್ಕು ತಾಸಿಗೆ ಬರ್ತೇನಿ ಅಂತ ಅವರು ಹೊರಟರೆ ಚಾಚಿ ಎಂಟು ತಾಸಿನ ಬುತ್ತಿ ಕಟ್ಟುತ್ತಿದ್ದರು. ಚಾಚಾ ಹೇಳಿದ ಹೊತ್ತಿಗೆ ಒಮ್ಮೆಯೂ ಬಂದವರಲ್ಲ, ಹೇಳಿದ್ದು ತಪ್ಪೆಂದು ಒಮ್ಮೆಯೂ ಒಪ್ಪಿದವರಲ್ಲ.

ಈಗ ಚಾಚಾಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಇನ್ಸುಲಿನ್ ತಗೊಂಡ ಮೇಲೆ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಏನಾದರೂ ಬೀಳಲೇಬೇಕು, ಇಲ್ಲದಿದ್ದರೆ ಕೈಕಾಲು ನಡುಗಿ ಕುಸಿಯುತ್ತಾರೆ. ಹೋದ ವರ್ಷ ಇಬ್ಬರೂ ಉಮ್ರಾ ಯಾತ್ರೆಗೆ ಹೊರಟರು. ಹೈದರಾಬಾದಿನಿಂದ ಜಿದ್ದಾಕ್ಕೆ ಟಿಕೆಟ್ ತೆಗೆದುಕೊಟ್ಟ ಮಹಾಶಯ ನಾನೇ, ಬಸ್‌ಸ್ಟ್ಯಾಂಡ್ ಎದುರಿನ ಆನ್‌ಲೈನ್ ಅಂಗಡಿಯ ಶಿವಪ್ರಕಾಶ.

"ಹತ್ತಕ್ಕ ಏರಿದ್ರ ಒಂದೂಕಾಲಿಗಿ ಇಳೀತೀರಿ ಚಾಚಿ. ಮೂರು ತಾಸಿನ ಮಾತು. ಬುತ್ತಿಗಿತ್ತಿ ಬ್ಯಾಡ್ರಿ, ಒಳಗ ಊಟ ಕೊಡ್ತಾರ" ಅಂದೆ.

"ಎಷ್ಟು ಕಿಲೋಮೀಟರ ಅದ?"

ಫೋನು ನೋಡಿ, ನಾಲ್ಕು ಸಾವಿರದ ಮೇಲೆ ಅಂದೆ. ವಿಮಾನ ತಾಸಿಗೆ ಎಂಟುನೂರು ಓಡುತ್ತದೆ ಅಂತಲೂ ಜಂಬದಿಂದ ಸೇರಿಸಿದೆ.

"ಹಂಗಾದ್ರ ಐದು ತಾಸಿಗಿ ಕಮ್ಮಿ ಹ್ಯಾಂಗ ಆಗ್ತದ ಲೇ? ದಾರಿ ಅಂದಮ್ಯಾಗ ಒಂದು ತಾಸ ಹೆಚ್ಚಿಗಿ ಹಿಡೀಬೇಕು. ಆರು!"

"ಟಿಕೀಟಿನ್ಯಾಗ ಛಾಪಿಸ್ಯಾರ" ಅಂತ ಚಾಚಾ ನನ್ನ ಪರ ನಿಂತರು. ನಾವಿಬ್ಬರೂ ನಕ್ಕೆವು. ಚಾಚಿ ನಮ್ಮ ನಗುವಿಗೆ ಸೊಪ್ಪು ಹಾಕಲಿಲ್ಲ. ಮನೆಗೆ ಹೋಗಿ ಕಡಕ ರೊಟ್ಟಿ, ಶೇಂಗಾ ಹಿಂಡಿ, ಖರ್ಜೂರ ಕಟ್ಟಿದರು.

ಅವತ್ತು ವಿಮಾನ ಗಾಳಿಗೆ ಸಿಕ್ಕು ಜೋರಾಗಿ ಅಲುಗಾಡಿತು. ಯಾರೂ ಏಳಬೇಡಿ ಅಂದರು, ಊಟದ ಗಾಡಿ ಇವರ ಸಾಲಿಗೆ ಬರುವ ಮೊದಲೇ ವಾಪಸು ಹೋಯಿತು. ಕೈಗಡಿಯಾರದಲ್ಲಿ ಹನ್ನೆರಡೂವರೆ ಆದಾಗ ಚಾಚಾ ಬೆವರಿದರು, ಬೆರಳು ನಡುಗತೊಡಗಿದವು.

"ಮುಕ್ಕಾಲು ತಾಸಿನ್ಯಾಗ ಇಳೀತೀವಿ, ಮಂದಿ ಮುಂದ ರೊಟ್ಟಿ ಬಿಚ್ಚಬ್ಯಾಡ" ಅಂದರು.

ಚಾಚಿ ಕೇಳಲಿಲ್ಲ. ಗಂಡನ ಬಾಯಿಗೆ ಖರ್ಜೂರ ತುರುಕಿ ಬುತ್ತಿ ಬಿಚ್ಚಿದರು. ಗಗನಸಖಿಯನ್ನು ಕರೆದು, ಇನ್ನೂ ಎಷ್ಟು ಹೊತ್ತು ಅಂತ ಕೇಳಿದರು. ಮೂರು ತಾಸಿನ ಮೇಲಿದೆ ಅಂದಳು ಆಕೆ. ಟಿಕೆಟಿನ ಒಂದೂಕಾಲು ಜಿದ್ದಾದ ಒಂದೂಕಾಲು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಹಿಂದೆ. ಅಂಗಡಿ ಇಟ್ಟು ಕುಳಿತ ನನಗೆ ಅಷ್ಟೂ ಗೊತ್ತಿರಲಿಲ್ಲ. ನನ್ನ ಮಾತು ನಂಬಿ ಚಾಚಾ ಹಾಗೇ ಕುಳಿತುಬಿಟ್ಟಿದ್ದರೆ?

ಚಾಚಾ ಎರಡು ರೊಟ್ಟಿ ತಿಂದರು. ನಡುಕ ನಿಂತಿತು. ತಪ್ಪಾಯಿತು ಅನ್ನಲಿಲ್ಲ, ಅವರ ಬಾಯಿಗೆ ಆ ಮಾತು ಬರುವುದಿಲ್ಲ. ಆದರೆ ವಾಪಸು ಬರುವ ದಿನ ಕೈಯಲ್ಲಿದ್ದ ಟಿಕೆಟನ್ನು ಮಡಚಿ ಜೇಬಿಗಿಟ್ಟು, ನಲವತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ಹೆಂಡತಿಯನ್ನು ಕೇಳಿದರಂತೆ:

"ಮನೀಗಿ ಎಷ್ಟು ತಾಸ ಆಗ್ತದ? ನೀ ಹೇಳು."