ಬಣ್ಣ ತಡವಾಗಿ ಬಂದ ತೋಳು

ಮೊನ್ನೆ ಅರಸೀಕೆರೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಡೆದು ಬರುತ್ತಿದ್ದೆ. ಒಂದು ಹೋಟೆಲಿನ ಹಿತ್ತಲಲ್ಲಿ ಅನ್ನ ಬಸಿಯುತ್ತಿದ್ದರು. ಬಿಸಿ ಗಂಜಿಯ ವಾಸನೆ, ಅದರ ಹಿಂದೆಯೇ ಹಬೆ... ಕಾಲು ಅಲ್ಲೇ ನಿಂತಿತು. ಮನೆಗಳಿಗೆ ಕುಕ್ಕರ್ ಬಂದ ಮೇಲೆ ಆ ವಾಸನೆಯನ್ನು ಮರೆತೇಬಿಟ್ಟಿದ್ದೆ.

ನಮ್ಮದಿನ್ನೂ ಮೈಸೂರು ರಾಜ್ಯವಾಗಿದ್ದ ಕಾಲ. ಹಾರನಹಳ್ಳಿಯಲ್ಲಿ ನಮ್ಮ ಪಕ್ಕದ ಮನೆ ಮೇಷ್ಟರದು. ಅವರ ಮಗಳನ್ನು ನಾನು ಅಕ್ಕ ಎನ್ನುತ್ತಿದ್ದೆ. ನನಗಿಂತ ಸ್ವಲ್ಪ ದೊಡ್ಡವಳು. ನಾನು ಹೈಸ್ಕೂಲು ಮುಗಿಸಿ, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು, ಕೆಲಸಕ್ಕೆ ಕಾಯುತ್ತಿದ್ದೆ. ಎರಡು ಮನೆಗೂ ಹಿತ್ತಲು ಒಂದೇ.

ಒಂದು ಬೆಳಗ್ಗೆ ಅವಳಮ್ಮ ಬಾವಿಗೆ ಹೋಗಿದ್ದರು. ಅಕ್ಕ ಒಬ್ಬಳೇ ಅನ್ನ ಬಸಿಯುತ್ತಿದ್ದಳು. ನಾನು ಹಿಂಬಾಗಿಲಿನಿಂದ ಕಳ್ಳಹೆಜ್ಜೆಯಲ್ಲಿ ಹೋಗಿ, ಹೆದರಿಸೋಣವೆಂದು ಕಿವಿಯ ಹತ್ತಿರ ಕೂಗಿದೆ. ತಪ್ಪಲೆ ವಾಲಿತು. ಕುದಿಯುವ ಗಂಜಿ ಅವಳ ಎಡದೋಳಿನ ಮೇಲೆ ಸುರಿಯಿತು. ನೀರಾದರೆ ಹರಿದು ಹೋಗುತ್ತದೆ. ಗಂಜಿ ಅಂಟಿಕೊಂಡು ಸುಡುತ್ತಲೇ ಇರುತ್ತದೆ.

ಸುಟ್ಟರೆ ಶಾಯಿ ಹಚ್ಚಬೇಕು ಎಂದು ಊರಲ್ಲಿ ಎಲ್ಲರೂ ನಂಬಿದ್ದರು. ನಾನು ಓಡಿಹೋಗಿ ಶಾಯಿ ಬುಡ್ಡಿ ತಂದು ತೋಳಿಗೆ ಸುರಿದೆ. ಅವಳು ಹಲ್ಲು ಕಚ್ಚಿಕೊಂಡೇ ಹೇಳಿದಳು: “ಹೋಗೋ, ಅಮ್ಮ ಬರ್ತಾಳೆ. ನಾನೇ ಕೈ ಜಾರಿಸ್ಕೊಂಡೆ ಅಂತೀನಿ.”

ಆಮೇಲೆ, ಏನೂ ಅರಿಯದವನಂತೆ, ಅಕ್ಕನನ್ನೂ ಅವಳಮ್ಮನನ್ನೂ ಅರಸೀಕೆರೆಯ ಆಸ್ಪತ್ರೆಗೆ ಬಸ್ಸಿನಲ್ಲಿ ಕರೆದುಕೊಂಡು ಹೋದವನೂ ನಾನೇ. ಡಾಕ್ಟರು ನೀಲಿ ತೋಳು ನೋಡಿ ಹುಬ್ಬೇರಿಸಿದರು. “ಏನಮ್ಮಾ, ಕೈ ಮೇಲೇ ಪರೀಕ್ಷೆ ಬರೆದ್ಯಾ? ಶಾಯಿ ಬಳಿದ್ರೆ ಎಷ್ಟು ಸುಟ್ಟಿದೆ ಅಂತ ನಾನು ಹೇಗೆ ನೋಡ್ಲಿ?” ಮೆಲ್ಲಗೆ ತೊಳೆದರು. ಮೇಲಿನ ಪದರ ಮಾತ್ರ ಸುಟ್ಟರೆ ಬರೀ ಕೆಂಪಾಗುತ್ತದೆ. ಇಲ್ಲಿ ಬೊಬ್ಬೆ ಎದ್ದಿದೆ, ಕೆಳಗಿನ ಪದರಕ್ಕೂ ತಗುಲಿದೆ. ಆದರೆ ಮುಟ್ಟಿದರೆ ನೋಯುತ್ತಿದೆಯಲ್ಲ, ಚರ್ಮದ ಬುಡ ಬದುಕಿದೆ ಎಂದರು. ಸುಣ್ಣದ ತಿಳಿನೀರಿಗೆ ಕೊಬ್ಬರಿ ಎಣ್ಣೆ ಬೆರೆಸಿ ಕಡೆದು, ಬಟ್ಟೆಗೆ ಸವರಿ ಕಟ್ಟಿದರು. “ಕೂದಲ ಬುಡದಿಂದ ಹೊಸ ಚರ್ಮ ಹುಟ್ಟುತ್ತೆ. ಬಣ್ಣ ಮಾತ್ರ ಕೊನೇಲಿ ಬರುತ್ತೆ. ಹೆದರಬೇಡಿ.”

ಆ ದಿನಗಳು ಈಗ ನೀರಿನಾಳದಲ್ಲಿ ಕಂಡಂತೆ ಅಲುಗುತ್ತವೆ... ಹಿತ್ತಲ ಕಲ್ಲಿನ ಮೇಲೆ ಕುಳಿತು ಅವಳು ತೋಳು ನೋಡಿಕೊಳ್ಳುತ್ತಿದ್ದಳು. ಸಿಪ್ಪೆ ಸುಲಿದು, ಅದರಡಿ ಎಳೆಗೂಸಿನ ಕೆನ್ನೆಯಂಥ ತೆಳು ಚರ್ಮ. ಆಮೇಲೆ ಕೆಂಪು ಮಾಸಿ ಬಿಳಿಯಾಯಿತು.

ಆಗಲೇ ಹಗರೆ ಕಡೆಯಿಂದ ಗಂಡಿನವರು ಬಂದದ್ದು. ಅಕ್ಕನಿಗೆ ಹುಡುಗ ಒಪ್ಪಿಗೆಯಾಗಿದ್ದ. ಬಟ್ಟೆ ಒಗೆಯುವಾಗಲೂ ಏನೋ ಗುನುಗುತ್ತಿದ್ದಳು. ಹೆಣ್ಣು ನೋಡಿದ ಮೇಲೆ ನೆರೆಮನೆಯಲ್ಲಿ ವಿಚಾರಿಸುವುದು ಆಗಿನ ಪದ್ಧತಿ. ಹುಡುಗನ ಸೋದರಮಾವ ನಮ್ಮ ಜಗಲಿಗೆ ಬಂದು, ನನ್ನಪ್ಪನ ಎದುರಿಗೇ ನನ್ನನ್ನು ಕೇಳಿದರು.

“ಹುಡುಗಿ ತೋಳ್ ಮೇಲೆ ಬಿಳೀ ಮಚ್ಚೆ ಇದೆಯಲ್ಲಪ್ಪ, ತೊನ್ನಾ?”

“ಸುಟ್ಟಿದ್ದು ಅಂತಾರೆ,” ಎಂದೆ.

“ಅವರ ಮನೆಯವರು ಹಾಗೇ ಅಂತಾರೆ ಬಿಡು. ಸುಟ್ಟಿದ್ದನ್ನ ನೀನು ಕಣ್ಣಾರೆ ನೋಡಿದ್ಯಾ?”

ಅಪ್ಪ ನನ್ನ ಮುಖ ನೋಡಿದರು. ಹೌದು ಎಂದರೆ, ಯಾರೂ ಇಲ್ಲದಾಗ ಆ ಹುಡುಗಿಯ ಅಡುಗೆಮನೆಯಲ್ಲಿ ನಿನಗೇನು ಕೆಲಸವಿತ್ತು ಎಂಬ ಪ್ರಶ್ನೆ ಅದರ ಬೆನ್ನಿಗೇ ನಿಂತಿತ್ತು.

“ಇಲ್ಲ, ನೋಡಿಲ್ಲ.” ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನೇ ಎಂಬುದನ್ನೂ ಹೇಳಲಿಲ್ಲ.

ಅವರು ಎಲೆ ಅಡಿಕೆಯನ್ನೂ ಮುಟ್ಟದೆ ಬಸ್ಸಿಗೆ ಹೊರಟರು. ಸಂಬಂಧ ಮುರಿಯಿತು. ತೊನ್ನು ಎಂಬ ಮಾತು ಮಾತ್ರ ಬಂಧುಗಳ ಬಾಯಲ್ಲಿ ಹಳೇಬೀಡು, ಬೇಲೂರಿನವರೆಗೂ ಹೋಯಿತು. ಮತ್ತೆ ಯಾರೂ ಹೆಣ್ಣು ನೋಡಲು ಬರಲಿಲ್ಲ.

ಬಣ್ಣ ಆಮೇಲೆ ಬಂತು. ಕೂದಲು ಮೂಡಿದಲ್ಲೆಲ್ಲ ಎಳ್ಳಿನಂಥ ಕಂದು ಚುಕ್ಕೆ. ಚುಕ್ಕೆಗಳು ಹರಡಿ, ಒಂದನ್ನೊಂದು ಮುಟ್ಟಿ... ಸುಗ್ಗಿಯ ಹೊತ್ತಿಗೆ ತೋಳು ಮೊದಲಿನಂತಾಗಿತ್ತು. ಮೇಷ್ಟರಿಗೆ ಕಣಕಟ್ಟೆಗೆ ವರ್ಗವಾಗಿ, ಸಾಮಾನು ಗಾಡಿಗೇರಿದ ದಿನ, ಅಕ್ಕ ಹಿತ್ತಲಿಗೆ ಬಂದು ತೋಳು ಚಾಚಿದಳು.

“ನೋಡೋ. ಈಗಲಾದ್ರೂ ನೋಡು.”

ಜಗಲಿಯಲ್ಲಿ ನಾನು ಹೇಳಿದ್ದು ಅವಳಿಗೆ ಗೊತ್ತಿತ್ತು. ನಾನು ತಲೆ ತಗ್ಗಿಸಿದೆ. “ಪುಕ್ಕಲ ಕಣೋ ನೀನು,” ಎಂದು ನಕ್ಕಳು.

ಅಕ್ಕ ಮದುವೆಯಿಲ್ಲದೆಯೇ ಮುದುಕಿಯಾದಳು, ಕಣಕಟ್ಟೆಯಲ್ಲೇ ತೀರಿಕೊಂಡಳು ಎಂದು ತಡವಾಗಿ ತಿಳಿಯಿತು. ಹೋಗಿ ಕ್ಷಮೆ ಕೇಳಬಹುದಿತ್ತು. ಬಸ್ಸು ದಿನವೂ ಇತ್ತು. ಈಗ ವಿಚಾರಿಸುವ ಸೋದರಮಾವನೂ ಇಲ್ಲ, ಮುಖ ನೋಡುವ ಅಪ್ಪನೂ ಇಲ್ಲ. ಅದು ತೊನ್ನಲ್ಲ, ಸುಟ್ಟ ಗಾಯ. ನಾನು ಕಣ್ಣಾರೆ ನೋಡಿದ್ದೆ.